ಮೆನುಕಾರ್ಡಿನ ಚೀಸ್

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹೋಟೆಲುಗಳ ಮೆನುಕಾರ್ಡಿಗೆ ಫೋಟೋ ತೆಗೆಯುವವರು. ಹೊಸ ಗ್ರೀಕ್ ಹೋಟೆಲಿನ ಕಾರ್ಡೂ ಅವರದೇ ಕೈಚಳಕ. ಅದನ್ನು ನೋಡಿ ಬಾಯಲ್ಲಿ ನೀರೂರಿಸಿಕೊಂಡ ಅಕ್ಕ, ಭಾವ ಬೇಡ ಬೇಡವೆಂದರೂ ಕೇಳದೆ, ನಮ್ಮಿಬ್ಬರನ್ನೂ ಅಲ್ಲಿಗೆ ಎಳೆದುಕೊಂಡು ಹೋದಳು.

ಗೋಡೆಗೆಲ್ಲ ನೀಲಿ ಬಣ್ಣ ಬಳಿದಿದ್ದರು. ಸಮುದ್ರವಂತೆ, ನಮ್ಮ ಕರ್ಮ! ಮೇಜಿನ ಮೇಲೆ ಹಿಂದಿನವರು ತಿಂದು ಬಿಟ್ಟ ಆಲಿವ್ ಬೀಜಗಳಿದ್ದವು. ವೇಟರ್ ಅವನ್ನು ಕೈಯಿಂದಲೇ ನೆಲಕ್ಕೆ ತಳ್ಳಿ, ಆರ್ಡರ್ ಬರೆದುಕೊಂಡು ಹೋದ. ಹೋದವನು ಹೋದನೇ. ಮುಕ್ಕಾಲು ಗಂಟೆ ಕೌಂಟರಿಗೆ ಒರಗಿ ಮೊಬೈಲ್ ನೋಡುತ್ತಿದ್ದ ಮಹಾಶಯ, ನಾನು ಕೈಯೆತ್ತಿ ಕರೆದಾಗಲೆಲ್ಲ ತಾನೂ ಕೈಯೆತ್ತಿ ಟಾಟಾ ಮಾಡಿದ.

ಕೊನೆಗೂ ಸಲಾಡ್ ಬಂತು. ಬಾಡಿದ ಸೌತೆಕಾಯಿ, ನಾಲ್ಕು ಚೂರು ಟೊಮೆಟೊ, ಮೇಲೆ ಇಟ್ಟಿಗೆಯಂಥ ಬಿಳಿ ಚೀಸ್. ಅಕ್ಕ ಚುಚ್ಚಿದ ರಭಸಕ್ಕೆ ಫೋರ್ಕೇ ಬಾಗಿತು.

"ರೀ, ಫೋಟೋದಲ್ಲಿ ಎಷ್ಟು ಚೆನ್ನಾಗಿತ್ತಲ್ರೀ ಇದು!"

ಭಾವ ತಲೆ ತಗ್ಗಿಸಿದರು. "ಅದು ಚೀಸ್ ಅಲ್ಲ ಕಣೇ. ಲೈಟಿನ ಬಿಸಿಗೆ ಚೀಸ್ ಬೆವರುತ್ತೆ ಅಂತ ಥರ್ಮೊಕೋಲ್ ಕತ್ತರಿಸಿ ಇಟ್ಟಿದ್ದೆ. ಅದಕ್ಕೇ ಬೇಡ ಅಂದಿದ್ದು."

ಅಕ್ಕ ಅವರನ್ನು ನುಂಗುವ ಹಾಗೆ ನೋಡಿದಳು. ಅಷ್ಟರಲ್ಲಿ, ಎಷ್ಟು ಕರೆದರೂ ಇತ್ತ ಸುಳಿಯದಿದ್ದ ವೇಟರ್ ಹಲ್ಲು ಕಿರಿಯುತ್ತ ಬಂದು ನಿಂತ.

"ಹೇಗಿದೆ ಮೇಡಂ? ಫೋಟೋದಲ್ಲಿ ಇರೋ ಥರಾನೇ ಇದೆ ಅಲ್ವಾ?"

ಅಕ್ಕ ಒಂದು ಚೂರು ಬಾಯಿಗಿಟ್ಟು ಅಗಿದಳು, ಅಗಿದಳು, ಆಮೇಲೆ ಕಾಗದಕ್ಕೆ ಉಗುಳಿದಳು.

"ಇಲ್ಲಪ್ಪಾ. ಫೋಟೋದಲ್ಲಿರೋದು ಥರ್ಮೊಕೋಲಂತೆ. ಅದನ್ನೇ ತಂದುಬಿಡು, ಮೆತ್ತಗಾದ್ರೂ ಇರುತ್ತೆ."