ಜೊತೆಗೆ ದುಡಿದವರ ಸರದಿ

ನಮ್ಮ ಲೆಸೋಥೊದಲ್ಲಿ ಹೆಣ ಎತ್ತುವ ಮೊದಲು ಮಾತಿಗೊಂದು ಸರದಿಯಿದೆ. ಮನೆಯವರು, ನೆರೆಯವರು, ಚರ್ಚಿನವರು, ಆಮೇಲೆ ಜೊತೆಗೆ ದುಡಿದವರು. ನಮ್ಮೂರಿನ ಕೆನೆವೆಯನ್ನು ಮಣ್ಣು ಮಾಡಿದ ಶನಿವಾರ ಜೊತೆಗೆ ದುಡಿದವರ ಸರದಿ ಬಂದಾಗ ಎದ್ದು ನಿಂತವಳು ಮಾಪುಲೆ, ಜೀನ್ಸ್ ಕಾರ್ಖಾನೆಯ ಮೇಲ್ವಿಚಾರಕಿ. ಕೆನೆವೆಯ ಸಾಲಿನಲ್ಲಿ ಹೊಲಿಯುವ ನಲವತ್ತು ಹೆಂಗಸರಲ್ಲಿ ಒಬ್ಬಳೂ ಬಂದಿರಲಿಲ್ಲ.

"ಹನ್ನೊಂದು ವರ್ಷ," ಎಂದಳು ಮಾಪುಲೆ. "ಕೆನೆವೆ ಒಂದಿನಾನೂ ತಪ್ಪಿಸ್ಲಿಲ್ಲ. ಕೆಮ್ತಾ ಬಂದ್ಲು, ಜ್ವರ ಕಟ್ಕೊಂಡು ಬಂದ್ಲು. ಕೊನೇ ವಾರಾನೂ ಮಿಷನ್ ಮುಂದೆ ಕೂತಿದ್ಲು. ಇಂಥೋರು ಎಲ್ಲಿ ಸಿಗ್ತಾರೆ?"

ಕಂಬಳಿ ಹೊದ್ದು ಕುಳಿತ ಜನ ತಲೆದೂಗಿದರು. ಪಾದ್ರಿಯೂ ತಲೆದೂಗಿದ. ಹೊಗಳಿಕೆ ಎಂದುಕೊಂಡರು ಪಾಪ. ಹದಿನೇಳು ವರ್ಷ ಕಾರ್ಖಾನೆಗಳಲ್ಲಿ ಜೇಬು ಹೊಲಿದ ನನಗೆ ಅದು ಹೊಗಳಿಕೆಯಂತೆ ಕೇಳಿಸಲಿಲ್ಲ.

ನನ್ನ ಪಕ್ಕದಲ್ಲಿ ಮೊಮ್ಮಗಳು ದಿನೆಯೊ ಕುಳಿತಿದ್ದಳು. ಹತ್ತೊಂಬತ್ತು ವರ್ಷ, ಎಂಟು ತಿಂಗಳಿಂದ ಕೆಲಸವಿಲ್ಲ. ಕೆನೆವೆಯ ಮಿಷನ್ ಖಾಲಿ ಇದೆಯಂತೆ ಎಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಸೋಮವಾರ ಮಾಪುಟ್ಸೊ ಪಟ್ಟಣಕ್ಕೆ ಹೋಗಿ ಆ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುತ್ತೇನೆ ಎಂದು ಅಂಗಿ ಇಸ್ತ್ರಿ ಮಾಡಿಟ್ಟಿದ್ದಳು. ಬೇಡ ಎಂದರೆ ಹಟ ಹೆಚ್ಚುತ್ತದೆಂದು ನಾನು ಸುಮ್ಮನಿದ್ದೆ.

ಮಣ್ಣು ಮಾಡಿ ಬಂದವರು ಅಂಗಳದ ಬಾಗಿಲಲ್ಲಿ ಲೋಳೆಸರ ಕತ್ತರಿಸಿ ಹಾಕಿದ ನೀರಲ್ಲಿ ಕೈ ತೊಳೆಯಬೇಕು. ಅಲ್ಲಿ ಹುಡುಗಿಯರೆಲ್ಲ ಮಾಪುಲೆಯನ್ನು ಸುತ್ತಿಕೊಂಡರು. ಒಬ್ಬಳು ಬಟ್ಟೆ ಚಾಚಿದಳು, ಇನ್ನೊಬ್ಬಳು ಚೀಲ ಹಿಡಿದುಕೊಂಡಳು. ಕೆನೆವೆಯ ತಂಗಿ ಮೊಸಾ ಕೂಡ ತೋಳಿಗೆ ಸೂತಕದ ಕಪ್ಪು ಬಟ್ಟೆಯನ್ನು ಪಿನ್ನಿನಿಂದ ಚುಚ್ಚಿಕೊಂಡು ಅಲ್ಲೇ ನಿಂತಿದ್ದಳು. ದಿನೆಯೊ ಮುಂದೆ ನುಗ್ಗುವ ಮೊದಲೇ ನಾನು ಮಾಪುಲೆಯ ಪಕ್ಕ ಕೈ ಅದ್ದಿದೆ.

"ಏನಮ್ಮಾ ಮಾಪುಲೆ, ಸಾಲಿನೋರು ಯಾರೂ ಕಾಣ್ಸಲ್ಲ?"

"ಶನಿವಾರ ಹೆಚ್ಚಿನ ಪಾಳಿ ಅಲ್ವಾ ಅಕ್ಕಾ. ಅವರನ್ನ ಬಿಟ್ರೆ ಮಾಲು ಹೊತ್ತಿಗೆ ಹೋಗಲ್ಲ. ಅದಕ್ಕೆ ಎಲ್ಲರ ಪರವಾಗಿ ನಾನು ಬಂದೆ."

"ಇಬ್ಬರನ್ನಾದ್ರೂ ಬಿಡ್ಬಹುದಿತ್ತು."

"ಇಬ್ಬರನ್ನ ಬಿಟ್ರೆ ಉಳಿದೋರೂ ನಮ್ಮನ್ನೂ ಬಿಡಿ ಅಂತ ಅಳ್ತಾರೆ. ನಿಮ್ಗೆ ಗೊತ್ತಿಲ್ದಿರೋದಾ?"

"ಗೊತ್ತು. ಕೆನೆವೆ ಜಾಗ ಎಷ್ಟು ದಿನ ಖಾಲಿ ಇತ್ತು?"

"ಒಂದಿನಾನೂ ಇಲ್ಲ," ಎಂದಳು ಹೆಮ್ಮೆಯಿಂದ. "ಅವಳು ತೀರ್ಕೊಂಡ ದಿನ ಮಧ್ಯಾಹ್ನಾನೇ ಒಬ್ಬಳನ್ನ ಕೂರಿಸ್ದೆ."

"ಮತ್ತೆ ಈಗ ಖಾಲಿ ಅಂತಿದಾರೆ."

"ಆ ಮಹಾರಾಣಿ ಮೂರೇ ದಿನಕ್ಕೆ ಎದ್ದು ಹೋದ್ಲು. ಇನ್ನೊಬ್ಬಳು ಬಂದ್ಲು, ಅವಳು ನಿನ್ನೆ ಬಿಟ್ಲು. ಈಗಿನೋರಿಗೆ ಸೊಂಟ ಬಗ್ಗಲ್ಲ ಬಿಡಿ."

"ಇಡೀ ಸಾಲಿಗೆ ಒಂದೇ ಬಿಲ್ಲೆ, ಅದು ಕೈಗೆ ಬಂದೋರು ಮಾತ್ರ ಕಕ್ಕಸಿಗೆ ಹೋಗ್ಬಹುದಿತ್ತಲ್ಲ, ಅದು ಈಗ್ಲೂ ಇದೆಯಾ?"

ಮಾಪುಲೆ ನನ್ನ ಕಡೆ ನೋಡದೆ ಕೈ ಒರೆಸಿಕೊಂಡಳು. "ಅಕ್ಕಾ, ಮಣ್ಣಿಗೆ ಬಂದಾಗ ಇದೆಲ್ಲ ಯಾಕೆ?" ಎಂದವಳು ಹುಡುಗಿಯರ ಕಡೆ ತಿರುಗಿ, "ಸೋಮವಾರ ಆರೂವರೆಗೆ ಗೇಟಿನ ಹತ್ರ ಇರಿ. ಒಬ್ಬಳು ಬೇಕು," ಎಂದಳು.

ಕೆನೆವೆಯ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು.

ಮನೆಯ ದಾರಿಯಲ್ಲಿ ದಿನೆಯೊ ನನ್ನ ಕಡೆ ತಿರುಗಿದಳು.

"ನಂಗೆ ಕೇಳ್ಸಲಿ ಅಂತ್ಲೇ ಕೇಳಿದೆ ಅಲ್ವಾ ಅಜ್ಜಿ?"

"ಹೂಂ."

"ಒಳ್ಳೆ ಕಾರ್ಖಾನೇಲಿ ಜಾಗ ಎಲ್ಲಿ ಖಾಲಿ ಇದೆ, ಅದನ್ನೂ ಹೇಳು."

"ಅಲ್ಲಿಂದ ಯಾರೂ ಏಳಲ್ಲ ಮಗಾ. ಖಾಲಿಯಾಗಲ್ಲ."

"ಹಂಗಾದ್ರೆ ನಿನ್ನ ಬುದ್ಧಿ ಬೇಯಿಸ್ಕೊಂಡು ತಿನ್ಲಾ?"

 

ಸೋಮವಾರ ಬೆಳಗಾಗುವ ಮುಂಚೆ ದಿನೆಯೊ ಇಸ್ತ್ರಿಯ ಅಂಗಿ ತೊಟ್ಟು ಹೊಸಿಲ ಮೇಲೆ ಕುಳಿತಳು. ಎದ್ದು ಹೋಗುತ್ತಾಳೆಂದೇ ಅಂದುಕೊಂಡೆ. ರಸ್ತೆಯಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಮಾಪುಟ್ಸೊಗೆ ಹೋಗುವ ವ್ಯಾನ್ ಟ್ಯಾಕ್ಸಿಯ ಕಡೆ ನಡೆದರು. ಟ್ಯಾಕ್ಸಿ ಹೊರಟಿತು, ಅವಳು ಏಳಲಿಲ್ಲ. ಆಮೇಲೆ ಒಳಗೆ ಬಂದು ಅಂಗಿ ಬಿಚ್ಚಿ, ಮಡಿಸದೆ ಹಾಸಿಗೆಯ ಮೇಲೆ ಎಸೆದಳು.

ಸಂಜೆಗೆ ಸುದ್ದಿ ಬಂತು. ಕೆಲಸ ಮೊಸಾಗೆ ಸಿಕ್ಕಿತ್ತು. ತೋಳಿನ ಕಪ್ಪು ಬಟ್ಟೆ ತೆಗೆದರೆ ಮಾತ್ರ ಒಳಗೆ ಬಾ ಅಂದರಂತೆ. ಅಕ್ಕನ ಇಬ್ಬರು ಮಕ್ಕಳನ್ನು ಈಗ ಸಾಕುವವಳು ಅವಳೇ. ಗೇಟಿನಲ್ಲೇ ಪಿನ್ನು ಬಿಚ್ಚಿದಳಂತೆ.

ದಿನೆಯೊ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದಳು.

"ಆ ಕಾರ್ಖಾನೆ ಹೆಂಗಿದೆ ಅಂತ ಅವಳಿಗೆ ಯಾರೂ ಹೇಳ್ಲಿಲ್ವಾ ಅಜ್ಜಿ?"

"ನಾನು ಮಾಪುಲೆನ ಕೇಳ್ತಿದ್ದಾಗ ನಿನ್ನ ಪಕ್ಕದಲ್ಲೇ ನಿಂತಿದ್ಲು," ಎಂದೆ. "ಎಲ್ಲಾ ಕೇಳಿಸ್ಕೊಂಡಿದಾಳೆ."