ಮೂರಕ್ಕೆ ಮುಂಚೆ

ಮೂರು ಅನ್ನೋ ಮೊದಲೇ ಇವಳು ಕೈ ಯಾಕೆ ಚಾಚಿದ್ಲು? — ಜೋರಾಗಿಯೇ ಕೇಳಿಬಿಟ್ಟೆ, ಯಾರನ್ನು ಕೇಳಿದೆನೋ, ಮೇಜನ್ನೋ, ಇವಳು ಚೆಲ್ಲಿ ಮೇಜಿನಂಚಿಂದ ತೊಟ್ಟಿಕ್ಕುತ್ತಿರುವ ಹಾಲನ್ನೋ, ನಾನು ಎಣಿಸಿದ್ದು ಎರಡೇ, ಒಂದು, ಎರಡು, ಅಷ್ಟರಲ್ಲಿ ನಾಲ್ಕು ವರ್ಷದ ನನ್ನ ಗುಂಡಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಬಲಗೈ ಮುಂದಕ್ಕೆ ಹಿಡಿದು ನಿಂತಿದ್ದಾಳೆ, ಅಂಗೈ ಮೇಲಕ್ಕೆ, ಬೆರಳು ಹಿಂದಕ್ಕೆ ಬಾಗುವಷ್ಟು ಸೆಟೆದು, ಬೇಡುವ ಕೈಯಲ್ಲ ಅದು, ಬೀಳುವುದಕ್ಕೆ ಕಾಯುವ ಕೈ — ಎಣಿಕೆ ನನಗೆ ಅಪ್ಪನಿಂದ ಬಂದದ್ದು, ಬೆಳಗ್ಗೆ ಪದ್ಯ ಓದುವಾಗ ಸಾಲಿನ ಕೊನೆಗೆ ಒಂದು ಉಸಿರು ನಿಲ್ಲೋರು, ದೇವರು ಆ ಉಸಿರಲ್ಲೇ ಕೂತಿರ್ತಾನೆ ಕಣೇ, ಆತುರಪಟ್ಟರೆ ಎದ್ದು ಹೋಗ್ತಾನೆ ಅನ್ನೋರು, ಬಾಗಿಲ ಬಳಿ ಕೂತು ಕೇಳಿಯೇ ಬೆಳೆದವಳು ನಾನು, ಆ ಉಸಿರನ್ನೇ ಮಗಳಿಗೆ ಕೊಟ್ಟೆ, ಹಟ ಹಿಡಿದಾಗ ಕೂಗಾಟವಿಲ್ಲ, ಅವಳ ಎತ್ತರಕ್ಕೆ ಕೂತು ಏನು ಮಾಡಬೇಕೋ ಒಂದೇ ಸಲ ಹೇಳೋದು, ಆಮೇಲೆ ಒಂದು, ಉಸಿರು, ಎರಡು, ಉಸಿರು, ಮೂರರೊಳಗೆ ಅವಳ ಕೋಪವೂ ಇಳಿಯುತ್ತೆ ನನ್ನದೂ ಇಳಿಯುತ್ತೆ, ಚೆಲ್ಲಿದ್ದನ್ನು ಇಬ್ಬರೂ ಒರೆಸ್ತೀವಿ, ಅಲ್ಲಿಗೆ ಮುಗೀತು, ಈ ಮನೆಯಲ್ಲಿ ಯಾರೂ ಕೈ ಎತ್ತೋ ಹಾಗಿಲ್ಲ, ನನ್ನ ಗಂಡ, ಇವರೂ ಒಪ್ಪಿದ್ದರು, ತೊಟ್ಟಿಲ ಮೇಲೆ ಕೈಯಿಟ್ಟು, ಆಣೆ ಅಂದಿದ್ದರು.

ಎರಡು ತಿಂಗಳಿಂದ ಎಷ್ಟು ಚೆನ್ನಾಗಿ ಕೇಳ್ತಿದ್ಲು, ಒಂದು ಅಂದರೆ ಸಾಕು ಆಟಿಕೆಯೆಲ್ಲ ಬುಟ್ಟಿಗೆ, ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕಕ್ಕೆ ದಾರ ಹೊಲಿಯುತ್ತಾ ಕೊಚ್ಚಿಕೊಂಡೆನಲ್ಲ, ಅಂಟು ಬಳಿಯೋ ಅಕ್ಕ, ನಮ್ಮನೆ ರಾಕ್ಷಸರನ್ನೂ ಒಂದು ವಾರ ಇಟ್ಕೋ ತಾಯಿ, ಎಣಿಸಿ ವಾಪಸ್ ಕಳಿಸು ಅಂದಾಗ ಎಷ್ಟು ಉಬ್ಬಿದ್ದೆ — ಪಟ್ಟಿ ಎಲ್ಲಿ ಅಮ್ಮ, ಅಂತಿದ್ದಾಳೆ ಮಗಳು ಕಣ್ಣು ಬಿಡದೆ, ಯಾವ ಪಟ್ಟಿ ಕಂದ, ನಿಂದು, ಅಪ್ಪನ ಹೊಲಿಗೆ ಮಷೀನ್ ಡ್ರಾಯರಲ್ಲಿದೆಯಲ್ಲ — ಹಾಳೆ ಮಡಿಸಿ ಒತ್ತೋ ನನ್ನ ಮರದ ಪಟ್ಟಿ, ನನ್ನ ಬೆವರಿಗೇ ನುಣುಪಾದದ್ದು, ಎರಡು ತಿಂಗಳಿಂದ ಮನೆಯೆಲ್ಲ ಹುಡುಕಿದ್ದೆ, ಇವರೂ ಮಂಚದ ಕೆಳಗೆ ಬಗ್ಗಿ ನನ್ನ ಜೊತೆ ಹುಡುಕಿದ್ದರು — ಅಮ್ಮ ಹೇಳಿದ್ದಾಳೆ ಅಂತ ಅಪ್ಪ ಎಣಿಸೋದು, ಒಂದು, ಎರಡು, ಮೂರು, ಅಂದಳು.

ಮೂಲೆಯಲ್ಲಿ ಇವರ ಹೊಲಿಗೆ ಮಷೀನು ನಿಂತಿತು, ತಲೆ ಎತ್ತಲಿಲ್ಲ ಇವರು, ಮೆಲ್ಲಗೇ ಕಣೇ, ಮೂರೇ ಏಟು, ದಿನವಿಡೀ ಗಿರಾಕಿ ಬಟ್ಟೆ ಹೊಲೀತಾ ಇವಳನ್ನ ನೋಡ್ಕೊಳ್ಳೋನು ನಾನು, ನೀನು ಸಂಜೆ ಬಂದು ಒಂದು ಅಂದ್ರೆ ಕೇಳ್ತಿದ್ಲಲ್ಲ, ಅದು ನಿನ್ನ ಉಸಿರಿಗೆ ಅಂದ್ಕೊಂಡ್ಯಾ, ಆಯ್ತು, ನನ್ನ ಹೆಸರು ಯಾಕೆ ಹೇಳಿದ್ರಿ ಅಂದೆ, ನನ್ನ ಕಂಡ್ರೆ ಹೆದರಿದ್ರೆ ಹಗಲೆಲ್ಲ ಹೇಗೆ ಸಂಭಾಳಿಸ್ಲಿ, ನೀನು ಹೇಗೂ ಮನೇಲಿರಲ್ಲ ಅಂದರು — ಹಾಗಾದರೆ ಅವಳು ಕೇಳಿದ್ದು ನನ್ನ ಮಾತನ್ನಲ್ಲ, ಒಂದು ಅಂದಾಗೆಲ್ಲ ಆಟಿಕೆ ಎತ್ತಿಟ್ಟದ್ದು ಈ ಅಂಗೈ, ನಾನು ಜಾಣೆ ಅಂತ ಮುದ್ದಿಟ್ಟದ್ದೂ ಇದೇ ಅಂಗೈಗೆ, ಅಪ್ಪಾ, ನಿಮ್ಮ ಉಸಿರಿನ ಜಾಗದಲ್ಲಿ ಇವರು ಏಟು ಕೂರಿಸಿದ್ದಾರೆ — ಹಾಲು ಇನ್ನೂ ತೊಟ್ಟಿಕ್ಕುತ್ತಿದೆ, ಮಂಡಿಯೂರಿ ಕೂತೆ, ಎಣಿಸಲ್ಲ ಕಂದ, ಇನ್ನು ಯಾವತ್ತೂ ಎಣಿಸಲ್ಲ, ಕೈ ಕೊಡು, ಸುಮ್ಮನೆ ಹಿಡ್ಕೋತೀನಿ ಅಷ್ಟೆ, ಅವಳು ಕಣ್ಣು ಬಿಟ್ಟಳು, ಅಪ್ಪನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು, ಆ ಅಂಗೈ, ಸೆಟೆದ ಆ ಪುಟ್ಟ ಅಂಗೈ ಮೆಲ್ಲಗೆ ಮುಚ್ಚಿಕೊಂಡು ಬೆನ್ನ ಹಿಂದೆ ಹೋಯಿತು, ಕೊಡಲ್ಲ.