ಕೆಂಪು ಬೆಳಕಿನಲ್ಲಿ ಕೆಂಪರಾಜು

ಇದು ನಡೆದದ್ದೇ. ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಅದೂ ಗೊತ್ತು. ಊರಿನ ಅರ್ಧ ಜನರ ದನಿಯನ್ನು ಅವರಿಗಿಂತ ಚೆನ್ನಾಗಿ ಆಡುವವನ ಸ್ವಂತ ದನಿಗೆ ಬೆಲೆ ಕಡಿಮೆ. ಕನಕಪುರದಲ್ಲಿ ಬಿ.ಎ. ಓದುವಾಗ ಕಿಟಕಿಯಾಚೆ ನಿಂತು ಪ್ರಿನ್ಸಿಪಾಲರ ದನಿಯಲ್ಲಿ ರಜೆ ಎಂದು ಕೂಗಿದೆ. ಮೊದಲು ಚೀಲ ಎತ್ತಿಕೊಂಡು ಹೊರಟವರು ನಮ್ಮ ಇಂಗ್ಲಿಷ್ ಮೇಷ್ಟ್ರು. ಆದರೆ ಈ ಕಥೆಗೆ ಸಾಕ್ಷಿಗಳಿದ್ದಾರೆ. ಒಬ್ಬ ಚರ್ಮದ ಡಾಕ್ಟರು, ಒಬ್ಬ ಸಿಸ್ಟರು, ನನ್ನ ಅಕ್ಕ, ಮತ್ತು ಹೊರಗೆ ಬೆಂಚಿನ ಮೇಲೆ ತುರಿಸಿಕೊಳ್ಳುತ್ತ ಕೂತಿದ್ದ ರೋಗಿಗಳು.

ಎರಡು ಸಾವಿರದ ಎಂಟನೇ ಇಸವಿ. ಹಾರೋಹಳ್ಳಿಯ ಹೊಲಗಳ ಮೇಲೆ ಒಂದೊಂದೇ ಶೆಡ್ಡು ಎದ್ದು, ರಾಗಿ ಕುಯ್ಯುತ್ತಿದ್ದ ಕೈಗಳೆಲ್ಲ ಕಾರ್ಡು ಪಂಚ್ ಮಾಡುವುದನ್ನು ಕಲಿಯುತ್ತಿದ್ದ ಕಾಲ. ನನ್ನ ಅಕ್ಕ ಶ್ವೇತಳ ಗಂಡ ಕೆಂಪರಾಜು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ನಾನು ಅಲ್ಲೇ ಸ್ಟೋರಿನಲ್ಲಿ. ಅವನದು ಬಾಯ್ಲರ್ ಕೆಲಸ, ನನ್ನದು ಬರೀ ಬಾಯಿ ಕೆಲಸ ಎಂದು ಅಲ್ಲಿನವರು ಆಡಿಕೊಳ್ಳುತ್ತಿದ್ದರು. ನಮ್ಮ ಕಡೆ ಭಾವ–ಭಾಮೈದ ಎಂದರೆ ಒಬ್ಬರನ್ನೊಬ್ಬರು ಗೋಳು ಹುಯ್ದುಕೊಳ್ಳುವ ಹಕ್ಕು ಮದುವೆ ಮಂಟಪದಲ್ಲೇ ಬರೆದುಕೊಟ್ಟಂತೆ. ನಾನು ಆ ಹಕ್ಕನ್ನು ಧಾರಾಳವಾಗಿ ಬಳಸಿಕೊಂಡಿದ್ದೆ. ಭಾವ ಪ್ರತಿ ಸಲವೂ ಮೋಸಹೋಗಿ, ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆ ವರ್ಷ ಆವಿಯ ಪೈಪಿನ ಜಾಯಿಂಟು ಬಿಟ್ಟು ಅವನ ಮುಖದ ಬಲಗಡೆ, ಕಿವಿಯಿಂದ ತುಟಿಯ ತುದಿಯವರೆಗೆ, ಬೆಂದುಹೋಯಿತು. ಪುಣ್ಯಕ್ಕೆ ಕಣ್ಣು ಉಳಿಯಿತು. ಆಸ್ಪತ್ರೆಯ ಓಡಾಟ ಮುಗಿಯುವ ತನಕ ಅಕ್ಕ ಮಗಳನ್ನು ಕರೆದುಕೊಂಡು ಸೋಲೂರಿನ ಹತ್ತಿರದ ನಮ್ಮ ಮನೆಯಲ್ಲಿ ಇದ್ದಳು. ಮಗಳು ಸಿಂಚನ, ಇನ್ನೂ ಮೂರು ತುಂಬಿರಲಿಲ್ಲ. ಕಟ್ಟು ಬಿಚ್ಚಿದ ಮಾರನೆಯ ದಿನವೇ ಭಾವ ಅವಳಿಗೊಂದು ಚನ್ನಪಟ್ಟಣದ ಬಣ್ಣದ ಬುಗುರಿ ತೆಗೆದುಕೊಂಡು ಬಸ್ಸು ಹತ್ತಿ ಬಂದ. ಮಗು ಬಾಗಿಲಲ್ಲಿ ನಿಂತು ನೋಡಿತು. ಗುಮ್ಮ ಎಂದು ಚೀರಿ, ನಮ್ಮವ್ವನ ಸೀರೆಯೊಳಗೆ ಮುಖ ಹುದುಗಿಸಿತು. ಎಷ್ಟು ಪುಸಲಾಯಿಸಿದರೂ ತಲೆ ಎತ್ತಲಿಲ್ಲ. ಅಕ್ಕ ತಟ್ಟೆಗೆ ಮುದ್ದೆ ಇಟ್ಟಿದ್ದಳು. ಭಾವ ಕೈ ತೊಳೆಯಲೂ ಇಲ್ಲ. ಬುಗುರಿಯನ್ನು ಜಗಲಿಯ ಮೇಲಿಟ್ಟು ಬಂದ ಬಸ್ಸಿಗೇ ವಾಪಸ್ಸು ಹೋದ.

ಆಮೇಲೆ ಬರಲೇ ಇಲ್ಲ. ದಿನಾ ಸಂಜೆ ಫೋನು ಮಾತ್ರ. ಫೋನಿನಲ್ಲಿ ಮಗು ಅವನ ಜೊತೆ ಕೋಳಿಮರಿ ಕಥೆ, ಕರುವಿನ ಕಥೆ ಎಲ್ಲ ಹೇಳುತ್ತಿತ್ತು, ಮುತ್ತು ಕೊಡುತ್ತಿತ್ತು. ಅವಳ ಲೆಕ್ಕದಲ್ಲಿ ಅಪ್ಪ ಇರುವುದು ಫೋನಿನೊಳಗೆ. ಆವತ್ತು ಬಂದು ಹೋದವನು ಬೇರೆ ಯಾರೋ. ಅಕ್ಕ ಬಾ ಎಂದು ಕರೆದಾಗೆಲ್ಲ ಭಾವನದು ಒಂದೇ ಮಾತು.

"ಮೊಕ ಸರಿ ಹೋಗ್ಲಿ, ಬತ್ತೀನಿ."

ಮುಖ ಸರಿ ಮಾಡಿಸುವುದಕ್ಕೆಂದು ಅವನು ಹಿಡಿದದ್ದು ರಾಮನಗರದ ಡಾಕ್ಟರ್ ನಂಜುಂಡಯ್ಯನವರನ್ನು. ಅವರ ಕ್ಲಿನಿಕ್ಕಿಗೆ ಹೊಸದಾಗಿ ಕೆಂಪು ಬೆಳಕಿನ ಒಂದು ಯಂತ್ರ ಬಂದಿತ್ತು. ಅಗಲವಾದ ಹಲಗೆ, ಅದರ ತುಂಬ ದಾಳಿಂಬೆ ಕಾಳಿನಂಥ ದೀಪಗಳು. ಕೆಂಪರಾಜುವಿಗೆ ಕೆಂಪಲ್ಲದೆ ಇನ್ನೇನು ಬೆಳಕು ಹಾಕುತ್ತಾರೆ ಎಂದು ನಾನು ರೇಗಿಸಿದೆ. ಅವನು ನಗಲಿಲ್ಲ. ಆ ಆವಿ ಅವನ ನಗುವನ್ನೂ ಸುಟ್ಟುಬಿಟ್ಟಿದೆಯೇನೋ ಎಂದು ನನಗೆ ಮೊದಲ ಸಲ ಭಯವಾಯಿತು.

ಡಾಕ್ಟರು ಮರ್ಮ ಮುಚ್ಚಿಡುವವರಲ್ಲ. ಮೊದಲ ದಿನವೇ ಕೂರಿಸಿಕೊಂಡು ಎಲ್ಲ ಹೇಳಿದರು. ಇದು ನೋಯುವುದಿಲ್ಲ, ಸುಡುವುದಿಲ್ಲ. ವಾರಕ್ಕೆ ಎರಡು ಸಲ ಬಂದು ಕಣ್ಣು ಮುಚ್ಚಿಕೊಂಡು ಸುಮ್ಮನೆ ಮಲಗಬೇಕು. ಬಿಗಿದ ಚರ್ಮ ಒಂದಿಷ್ಟು ಮೆದುವಾಗಬಹುದು, ಕೆಂಪು ಮಾಸಬಹುದು. ಅದೂ ತಿಂಗಳುಗಟ್ಟಲೆ ತಾಳಿದರೆ. ಕೆಲವರಿಗೆ ಏನೂ ಗೊತ್ತಾಗದೆಯೂ ಇರಬಹುದು. ಜೊತೆಗೆ ಮುಲಾಮು ತಿಕ್ಕಬೇಕು, ಬಿಸಿಲಿಗೆ ಮುಖ ಕೊಡಬಾರದು, ತುಟಿ ಸೆಟೆದುಕೊಳ್ಳದ ಹಾಗೆ ಬಾಯಿ ಅಗಲಿಸಿ, ಕೆನ್ನೆ ಉಬ್ಬಿಸಿ ವ್ಯಾಯಾಮ ಮಾಡಬೇಕು. ಕೊನೆಗೆ, ಹಳೆಯ ಮುಖವನ್ನೇ ವಾಪಸ್ಸು ಕೊಡುತ್ತೇನೆಂದು ತಾನು ಹೇಳಿಲ್ಲ, ಅದನ್ನು ನೆನಪಿಟ್ಟುಕೊಳ್ಳಿ ಎಂದರು.

ಭಾವ ತಲೆಯಾಡಿಸಿದ. ಅವನ ಕಿವಿಗೆ ಬಿದ್ದದ್ದು 'ಮೆದುವಾಗಬಹುದು' ಎಂಬಲ್ಲಿಯವರೆಗೆ ಮಾತ್ರ.

ದೀಪ ಹಾಕಿದ ಮೇಲೆ ಅವನಿಗೆ ಅನುಮಾನ ಶುರುವಾಯಿತು. ಬಿಸಿಯೇ ಇಲ್ಲ. ಕೋಳಿ ಫಾರಮ್ಮಿನಲ್ಲಿ ಮರಿಗಳಿಗೆ ಹಾಕುವ ಕೆಂಪು ಬಲ್ಬಿಗಾದರೂ ಕಾವು ಇರುತ್ತೆ, ಇದಕ್ಕೆ ಕಾವಿಲ್ಲ ಎಂದ ಮೇಲೆ ಇದು ಕೆಲಸ ಮಾಡುವುದು ಹೇಗೆ ಎಂದು ಮೆಲ್ಲಗೆ ಮುಖವನ್ನು ಹಲಗೆಯ ಹತ್ತಿರ ಹತ್ತಿರ ಒಯ್ಯತೊಡಗಿದ. ಸಿಸ್ಟರ್ ಜ್ಯೋತಿಲಕ್ಷ್ಮಿ ಗದರಿ ಹಿಂದಕ್ಕೆ ಮಲಗಿಸಿದರು. ಚನ್ನಪಟ್ಟಣದ ಹೆಂಗಸು, ಒಳ್ಳೆಯವರು; ದನಿ ಮಾತ್ರ ಕಬ್ಬಿಣದ ಗೇಟು ಎಳೆದ ಹಾಗೆ. ಮುಂದಿನ ನಾಲ್ಕಾರು ಭೇಟಿಗಳಲ್ಲಿ ಆ ದನಿಯನ್ನು ನಾನು ಅಚ್ಚುಕಟ್ಟಾಗಿ ಗಂಟಲಿಗಿಳಿಸಿಕೊಂಡೆ.

ಆ ಮೊದಲ ದಿನವೇ ಇನ್ನೊಂದನ್ನೂ ನೋಡಿದೆ. ಭಾವನ ಕಣ್ಣಿಗೆ ಚಮಚದ ತಲೆಯಷ್ಟಗಲದ ಎರಡು ಕಪ್ಪು ಮುಚ್ಚಳ ಇಟ್ಟಿದ್ದರು. ಕೋಣೆಯ ಬೇರೆ ದೀಪ ಆರಿಸಿದ್ದರು. ಆ ಕೆಂಪಿನಲ್ಲಿ ಮಲಗಿದ್ದ ಭಾವನ ಮುಖದ ಮೇಲೆ ಗಾಯ ಇರಲಿಲ್ಲ. ಬಗ್ಗಿ ನೋಡಿದೆ. ಬಲಗೆನ್ನೆಯೂ ಎಡಗೆನ್ನೆಯೂ ಒಂದೇ ಬಣ್ಣ. ಮದುವೆಯ ಫೋಟೋದಲ್ಲಿದ್ದ ಅದೇ ಕೆಂಪರಾಜು, ಅದೇ ಮೀಸೆ. ಕೂಗಿ ಹೇಳಬೇಕೆನ್ನುವಷ್ಟರಲ್ಲಿ ದೀಪ ಆರಿತು, ಟ್ಯೂಬ್‌ಲೈಟು ಹತ್ತಿತು, ಕಲೆ ತನ್ನ ಜಾಗಕ್ಕೆ ಬಂದು ಕೂತಿತು.

ಹೊರಗೆ ಬಂದು ಡಾಕ್ಟರನ್ನು ಕೇಳಿದೆ. ಅದರಲ್ಲಿ ಪವಾಡವೇನಿಲ್ಲ, ಕೆಂಪು ಬೆಳಕಲ್ಲಿ ಕೆಂಪು ಕಲೆ ಕಾಣುವುದಿಲ್ಲ, ಮಿಠಾಯಿ ಡಬ್ಬಿಯ ಕೆಂಪು ಕಾಗದ ಕಣ್ಣಿಗಿಟ್ಟುಕೊಂಡು ಕೆಂಪು ಇಂಕಿನ ಬರಹ ನೋಡಿದ ಹಾಗೆ ಎಂದರು. ಭಾವನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವನು ಆ ಹಲಗೆಯನ್ನೇ ತಲೆಯ ಮೇಲೆ ಹೊತ್ತುಕೊಂಡು ಸೋಲೂರಿಗೆ ಹೊರಡುತ್ತಿದ್ದ.

ಎರಡು ತಿಂಗಳು ಕಳೆಯಿತು. ಚರ್ಮ ನಿಜವಾಗಿ ಕೊಂಚ ಮೆತ್ತಗಾಗಿತ್ತು. ಡಾಕ್ಟರಿಗೆ ಅದು ಸಂತೋಷ. ಭಾವ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಮಾತ್ರ ಮಗಳು ಚೀರಿದ ಮುಖವನ್ನೇ. ಫೋನು ಕೂಡ ದಿನ ಬಿಟ್ಟು ದಿನವಾಯಿತು. ಅಪ್ಪ ಇನ್ನೂ ಫೋನಿಗೆ ಯಾಕೆ ಬಂದಿಲ್ಲ ಎಂದು ಮಗು ಕೇಳುವುದೂ ಕಡಿಮೆಯಾಯಿತು ಎಂದು ಅಕ್ಕ ಹೇಳಿದಾಗ, ಇನ್ನು ತಡಮಾಡಬಾರದು ಅನ್ನಿಸಿತು. ನನ್ನ ಯೋಚನೆಯನ್ನು ಅವಳ ಮುಂದಿಟ್ಟೆ. ಮಗುವನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬಾ, ಅಪ್ಪನನ್ನು ಕೆಂಪು ಬೆಳಕಿನಲ್ಲಿ ತೋರಿಸೋಣ ಎಂದೆ. ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು.

"ದೀಪ ಆರಿದ್ ಮೇಲೆ ಏನ್ಲಾ ಮಾಡ್ತೀಯ? ಇನ್ನೊಂದ್ ಸಲ ಅವಳು ಕಿರುಚ್ಕಂಡ್ರೆ ನಿಮ್ ಭಾವ ಈ ಕಡೆ ತಿರುಗಿ ನೋಡಕ್ಕಿಲ್ಲ."

ನಗಿಸಿದರೆ ಮಗು ಹೆದರುವುದಿಲ್ಲ ಎಂಬ ಒಂದು ನಂಬಿಕೆ ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಕ್ಕ ಮತ್ತೆ ಸೊಪ್ಪಿಗೆ ಕೈ ಹಾಕಿ, ಮಾಗಡಿ ಮೇಲೆ ಹೋಗುವ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದಳು.

ಡಾಕ್ಟರು ಒಪ್ಪಿದರು; ಮಗು ದೀಪವನ್ನು ನೇರವಾಗಿ ನೋಡದ ಹಾಗೆ ಪಕ್ಕದಲ್ಲಿ ನಿಲ್ಲಿಸಬೇಕು ಎಂದಷ್ಟೇ ಷರತ್ತು. ಸಿಸ್ಟರನ್ನು ಒಪ್ಪಿಸುವುದು ಕಷ್ಟವಾಯಿತು. ಅವರ ದನಿಯನ್ನು ನಾನು ಆಡುತ್ತೇನೆ ಎಂದದ್ದಕ್ಕೆ, ಎಲ್ಲಿ ಆಡು ನೋಡೋಣ ಎಂದರು. ಆಡಿದೆ. ಅವರ ಮುಖ ಸಪ್ಪಗಾಯಿತು. ನಾನು ಇಷ್ಟು ಗಡುಸಾಗಿ ಮಾತಾಡ್ತೀನಾ ಎಂದು ಮೆತ್ತಗೆ ಕೇಳಿದರು. ಆ ಮೆತ್ತಗಿನ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲೇ ಇಲ್ಲ.

ಆ ದಿನ ಭಾವನನ್ನು ಸಿಸ್ಟರೇ ಮಲಗಿಸಿ, ಕಣ್ಣಿಗೆ ಮುಚ್ಚಳ ಇಟ್ಟು, ದೀಪ ಹಾಕಿ ಬಾಗಿಲು ತೆರೆದರು. ಅಕ್ಕ ಮಗುವಿನ ಕೈ ಹಿಡಿದು ಸದ್ದಿಲ್ಲದೆ ಒಳಗೆ ಬಂದಳು. ಅವಳ ಹಿಂದೆ ನಾನು. ಮಗು ಕೆಂಪಗಾದ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. ಆಮೇಲೆ ಮಂಚದ ಮೇಲಿದ್ದ ಮನುಷ್ಯನನ್ನು ನೋಡಿತು. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಚಿಪ್ಪು. ತುಟಿ ಅಲುಗಿತು, ಅಳುವುದಕ್ಕೋ ಮಾತಿಗೋ ತಿಳಿಯಲಿಲ್ಲ. ನಾನು ತಡಮಾಡದೆ ಸಿಸ್ಟರ ದನಿ ತೆಗೆದೆ.

"ಬಾಯಿ ಅಗಲಿಸ್ರೀ. ಇನ್ನೂ ಒಸಿ. ಅನ್ನ ಉಂಡಿಲ್ವಾ?"

"ಉಂಡಿವ್ನಿ ಸಿಸ್ಟರ್" ಎಂದು ಭಾವ ಗುಹೆಯಂತೆ ಬಾಯಿ ತೆರೆದ.

ಮಗು ಥಟ್ಟನೆ ಅವ್ವನ ಮುಖ ನೋಡಿತು. ಫೋನಿನಲ್ಲಿದ್ದ ದನಿ ಈ ಬಾಯಿಂದ ಬಂದಿತ್ತು. ನಾನು ಕೆನ್ನೆ ಉಬ್ಬಿಸಿ ಎಂದೆ, ಉಬ್ಬಿಸಿದ. ನಾಲಿಗೆ ಚಾಚಿ ಮೂಗು ಮುಟ್ಟಿಸಿ ಎಂದೆ, ಪಾಪ, ಪ್ರಯತ್ನಪಟ್ಟ. ಮಗು ಕಿಸಕ್ಕನೆ ನಕ್ಕಿತು. ಭಾವ ನಾಲಿಗೆ ಒಳಗೆಳೆದುಕೊಂಡು ಯಾರದು ಎಂದು ಕೇಳಿದ. ಪಕ್ಕದ ಕೋಣೆಯ ಮಗು, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದು ಸಿಸ್ಟರ ದನಿ ಗದರಿತು. ನಿಜವಾದ ಸಿಸ್ಟರು ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದರು. ಈಗ ಗಂಟಲಿನ ನರ ಸಡಿಲವಾಗಬೇಕು, ನಾಯಿ ಹಾಗೆ ಬೊಗಳಿ ಎಂದೆ.

ಭಾವ ಒಂದು ಕ್ಷಣ ತಡೆದ. ಹಳೆಯ ಮುಖ ಸಿಗುವುದಾದರೆ ಬೊಗಳುವುದೇನು ಮಹಾ ಎಂದುಕೊಂಡನೋ ಏನೋ, ಮೆಲ್ಲಗೆ ಬೌ ಎಂದ. ಜೋರಾಗಿ ಎಂದೆ. ಜೋರಾಗಿ ಬೊಗಳಿದ. ಮಗು ಅವ್ವನ ಕೈ ಬಿಡಿಸಿಕೊಂಡು ಓಡಿತು. ಮಂಚದ ಅಂಚು ಹಿಡಿದು ತುದಿಗಾಲಲ್ಲಿ ನಿಂತು, ಅವನ ಬಲಗೆನ್ನೆಯ ಮೇಲೆ ಎರಡೂ ಅಂಗೈ ಇಟ್ಟಿತು.

"ಅಪ್ಪ" ಎಂದಿತು.

ಭಾವ ಅಲುಗಾಡಲಿಲ್ಲ. ಅಷ್ಟು ಪುಟ್ಟ ಕೈ ಯಾವ ಸಿಸ್ಟರದೂ ಅಲ್ಲವೆಂದು ಅವನಿಗೆ ಗೊತ್ತಾಗಿತ್ತು. ಮುಚ್ಚಳ ತೆಗೆಯಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನೋಡುವುದಕ್ಕೆ ಹೆದರಿದ್ದ. ಅಷ್ಟರಲ್ಲಿ ಯಂತ್ರ ಟಕ್ಕೆಂದು ತಾನೇ ಆರಿತು. ಕೋಣೆ ಕತ್ತಲಾಯಿತು. ಸಿಸ್ಟರು ಟ್ಯೂಬ್‌ಲೈಟಿನ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಅಕ್ಕನ ಕಡೆ ತಿರುಗಿದರು. ಅಕ್ಕ ಹಾಕಿ ಎಂದಳು.

ಬೆಳಕು ಬಂತು. ಕಲೆಯೂ ಬಂತು. ಮಗುವಿನ ಅಂಗೈ ಅದರ ಮೇಲೇ ಇತ್ತು. ಭಾವ ಮುಚ್ಚಳ ತೆಗೆದು ಕಣ್ಣು ಬಿಟ್ಟ. ನಾನು ನನ್ನ ಎಲ್ಲ ದನಿಗಳನ್ನೂ ಮರೆತು ನಿಂತಿದ್ದೆ. ಮಗು ಕೈ ತೆಗೆದು ಕೆನ್ನೆಯನ್ನು ನೋಡಿತು, ಮತ್ತೆ ಕೈ ಇಟ್ಟಿತು. ಬೆರಳಿನಿಂದ ಕಿವಿಯಿಂದ ತುಟಿಯವರೆಗೆ ಸವರಿತು.

"ಉವ್ವಾ ಆಗೈತಾ?"

ಹೂಂ ಎಂದ ಭಾವ. ಮಗು ಕತ್ತು ಚಾಚಿ, ತಾನು ಬಿದ್ದಾಗ ಅವ್ವ ಮಾಡುವ ಹಾಗೆ, ಉಫ್ ಉಫ್ ಎಂದು ಊದಿತು. ಊದಿದ್ದಕ್ಕಿಂತ ಎಂಜಲು ಹಾರಿದ್ದು ಹೆಚ್ಚು. ಆಮೇಲೆ, ಆ ವಿಷಯ ಅಲ್ಲಿಗೆ ಮುಗಿಯಿತು ಎನ್ನುವಂತೆ, ಅಪ್ಪಣೆ ಕೊಟ್ಟಿತು.

"ಇನ್ನೊಂದ್ ಸಲ ಬೊಗಳು."

ಅಪ್ಪ ಬೊಗಳಿದ. ಮಗು ಬೊಗಳಿತು. ಅಕ್ಕ ಅಳುತ್ತ ನಗುತ್ತಿದ್ದಳು. ಮಗಳನ್ನು ಎತ್ತಿ ಎದೆಯ ಮೇಲೆ ಕೂರಿಸಿಕೊಂಡ ಮೇಲೆ ಭಾವನಿಗೆ ಸುತ್ತಲಿನ ಲೋಕ ಕಂಡಿತು: ಬಾಯಿಗೆ ಸೆರಗಿಟ್ಟುಕೊಂಡು ಇಷ್ಟು ಹೊತ್ತೂ ಒಂದು ಮಾತಾಡಿರದ ಸಿಸ್ಟರು, ಮೂಲೆಯಲ್ಲಿ ನಾನು.

"ಹಂಗಾರೆ ಇಷ್ಟೊತ್ತು ನನ್ನ ಬೊಗಳ್ಸಿದ್ದು ಯಾರ್ಲಾ?"

"ನಾನೇ ರೀ. ಅನ್ನ ಉಂಡಿಲ್ವಾ?" ಎಂದೆ, ಅದೇ ದನಿಯಲ್ಲಿ.

ಒಂದು ಗಳಿಗೆ ಅವನು ನನ್ನನ್ನು ನುಂಗುವವನಂತೆ ನೋಡಿದ. ಆಮೇಲೆ ಹೊಟ್ಟೆಯ ಒಳಗಿನಿಂದ ಏನೋ ಕುದ್ದು ಬಂತು. ಬಿಗಿದ ಬಲತುಟಿ ಅಡ್ಡಬಂದರೂ ನಿಲ್ಲಲಿಲ್ಲ. ಬಾಯಿ ಓರೆಯಾಗಿ ಅಗಲವಾಗಿ ತೆರೆದುಕೊಂಡಿತು. ಎದೆಯ ಮೇಲಿದ್ದ ಮಗು ದೋಣಿಯಲ್ಲಿ ಕೂತಂತೆ ತೂಗಾಡಿತು. ಡಾಕ್ಟರು ಪಕ್ಕದ ಕೋಣೆಯಿಂದ ಓಡಿಬಂದರು, ಹೊರಗೆ ಬೆಂಚಿನವರು ತುರಿಕೆ ಮರೆತು ಎದ್ದು ನಿಂತರು. ನಾವೆಲ್ಲರೂ ನಗುತ್ತಿದ್ದೆವು, ಸಿಸ್ಟರು ಕೂಡ ಗೇಟು ಎಳೆದ ಸದ್ದಿನಲ್ಲೇ ನಗುತ್ತಿದ್ದರು. ಆದರೆ ಅಷ್ಟು ಜನರ ನಗುವನ್ನೂ ಮುಳುಗಿಸಿ ಬೀದಿಯವರೆಗೆ ಕೇಳಿಸುತ್ತಿದ್ದದ್ದು ನಮ್ಮ ಭಾವನದು.